ನೀರು ಹಾಕಿ ಇಟ್ಟ ಹೆಸರು

ವಾತುಬಾವ
19 ಆಗಸ್ಟ್ 1986, ಮಂಗಳವಾರ

ನನ್ನ ಪ್ರೀತಿಯ ಮಗ ರಿನುಸ್‌ಗೆ,

ಮಾತೆ ಮರಿಯಮ್ಮ ನಿನ್ನನ್ನು ಕಾಯಲಿ. ಹೇಗಿದ್ದೀ ಮಗಾ? ಆ ಕೆಮ್ಮು ಪೂರ್ತಿ ಹೋಯಿತೋ, ಇಲ್ಲ ನಾನು ಬೈಯುತ್ತೇನೆಂದು ಪತ್ರದಲ್ಲಿ ಬರೆಯಲಿಲ್ಲವೋ? ಕುಪಾಂಗಿನ ಧೂಳು ಎದೆಗೆ ಒಳ್ಳೆಯದಲ್ಲ, ನೀರು ಕಾಯಿಸಿ ಕುಡಿ. ನಾನು ಚೆನ್ನಾಗಿದ್ದೇನೆ. ಮಗ್ಗದ ಮುಂದೆ ಕಾಲು ಚಾಚಿ ಕೂತು ಏಳುವಾಗ ಮಾತ್ರ ಐವತ್ತು ವರ್ಷವಾಯಿತೆಂದು ಮಂಡಿ ನೆನಪು ಮಾಡುತ್ತದೆ. ನಿನ್ನ ಅಪ್ಪ ತಾಳೆಮರ ಹತ್ತಬೇಡಿ ಅಂದರೆ ಕೇಳುವುದಿಲ್ಲ. ಹತ್ತಿ, ಮೇಲೆ ಕೂತುಕೊಂಡೇ ನನ್ನ ಜೊತೆ ವಾದ ಮಾಡುತ್ತಾರೆ.

ನಿನ್ನ ಪತ್ರ ನಿನ್ನೆ ಬಂತು. ಅಪ್ಪ ಎರಡು ಸಲ ಓದಿಸಿಕೊಂಡರು. ನಿಮ್ಮ ದೊಡ್ಡ ಸಾಹೇಬರು ಕಚೇರಿಯವರೆಲ್ಲರ ಮುಂದೆ ನಿಂತು, ರಿನುಸ್‌ನಂಥ ನೌಕರ ಇಡೀ ಟಿಮೋರಿನಲ್ಲಿ ಇಲ್ಲ ಅಂದರಂತೆ. ಬೆಟ್ಟದ ಮೇಲಿನ ಆ ಹಳ್ಳಿಗೆ ಕೊಳಾಯಿ ನೀರು ಮುಟ್ಟಿದೆ ಎಂಬ ಕಾಗದಕ್ಕೆ ನಿನ್ನ ಸಹಿಯೇ ಆಗಬೇಕು ಅಂದರಂತೆ. ಬರುವ ಸೋಮವಾರ ಸಹಿ ಹಾಕಿದರೆ ಕೆಲಸ ಕಾಯಂ. ಅಪ್ಪ ಕೂಡಲೇ ಅಂಗಿ ಹಾಕಿಕೊಂಡು ನಾಲ್ಕು ಮನೆಗೆ ಹೇಳಿ ಬಂದರು. ನನಗೂ ಎದೆ ತುಂಬಿತು, ಸುಳ್ಳು ಯಾಕೆ ಹೇಳಲಿ. ಆ ಮಾತು ಆಮೇಲೆ ಬರೆಯುತ್ತೇನೆ. ಮೊದಲು ಇಲ್ಲಿ ಭಾನುವಾರ ಆದದ್ದನ್ನು ಕೇಳು, ಊರೆಲ್ಲ ಇನ್ನೂ ನಗುತ್ತಿದೆ, ನಗುತ್ತಿರುವುದು ನಿನ್ನ ಅಮ್ಮನನ್ನು ನೋಡಿ. ಈ ಪತ್ರ ತರುವ ಯೋಸೆಫಿನಾ ಚಿಕ್ಕಮ್ಮ ಕುಪಾಂಗಿನ ಹಡಗು ಹತ್ತುವುದಕ್ಕೆ ಇವತ್ತೇ ಹೊರಡುತ್ತಾಳೆ, ಅವಳ ಲಾರಿ ಬರುವಷ್ಟರಲ್ಲಿ ಬರೆದು ಮುಗಿಸಬೇಕು.

ಈ ಸಲ ಹದಿನೇಳನೇ ತಾರೀಖು, ನಮ್ಮ ದೇಶದ ಸ್ವಾತಂತ್ರ್ಯದ ದಿನ, ಭಾನುವಾರವೇ ಬಿತ್ತಲ್ಲ. ಎಂಟು ಗಂಟೆಗೆ ಮೈದಾನದಲ್ಲಿ ಬಾವುಟ, ಒಬ್ಬರೂ ತಪ್ಪಬಾರದು ಎಂದು ತಾಲೂಕು ಕಚೇರಿಯಿಂದ ಕಾಗದ ಬಂತು. ಚರ್ಚಿನ ಪೂಜೆಯೂ ಎಂಟಕ್ಕೇ. ವಾರವಿಡೀ ಬಾವಿಕಟ್ಟೆಯಲ್ಲಿ ಇದೇ ಜಗಳ. ಪೂಜೆ ತಪ್ಪಿಸಿದರೆ ಪಾಪ ಎಂದು ಕೆಲವರು, ಬಾವುಟ ತಪ್ಪಿಸಿದರೆ ಪೊಲೀಸು ಎಂದು ಕೆಲವರು. ಕೊನೆಗೆ ಫಾದರ್ ಹುಬೆರ್ತುಸ್ ಪೂಜೆಯನ್ನು ಬೆಳಗಿನ ಐದೂವರೆಗೆ ಇಟ್ಟರು. “ದೇವ್ರು ನಿಮಗಿಂತ ಮುಂಚೆ ಎದ್ದಿರ್ತಾನೆ, ಅವನಿಗೇನೂ ತೊಂದ್ರೆ ಇಲ್ಲ. ತೊಂದ್ರೆ ಇರೋದು ನಿಮಗೇ,” ಅಂದರು. ಜಗಳ ಅಲ್ಲಿಗೆ ಮುಗಿಯಿತು.

ನನ್ನ ಕಥೆ ಶುರುವಾದದ್ದು ಅದಕ್ಕೂ ಮೊದಲು. ತಾಲೂಕಿಗೆ ಹೊಸ ಸಾಹೇಬರು ಬಂದಿದ್ದಾರೆ, ಪಕ್ಕದ ಕಣಿವೆಯವರೇ. ಬಾವುಟಕ್ಕೆ ನಮ್ಮೂರಿಗೇ ಬರುತ್ತಾರೆ ಎಂದಮೇಲೆ ಎಲೆಯಿಂದ ತಣ್ಣೀರು ಚಿಮುಕಿಸಿ ಹಳೆಯ ಸಾಲುಗಳನ್ನು ಹೇಳಿ ಬರಮಾಡಿಕೊಳ್ಳಬೇಕಲ್ಲ. ನಿನ್ನ ಅಜ್ಜ ಹೋದ ಮೇಲೆ ಆ ಸಾಲುಗಳು ಬಾಯಿಗೆ ಬರುವುದು ನನಗೊಬ್ಬಳಿಗೇ. ಬುಧವಾರ ಕಚೇರಿಯ ಗುಮಾಸ್ತ ಕ್ಲೆಮೆನ್ಸ್ ಅರ್ಧ ಕಿಲೋ ಸಕ್ಕರೆ ಹಿಡಿದುಕೊಂಡು ಬಂದ. “ಅಮ್ಮಾ, ಮೌಮೆರೆ ಪೇಟೇಲೂ ಇಂಥ ಕಂಠ ಇಲ್ಲ,” ಅಂದ. ಮಾತಿನ ಕೊನೆಗೆ ಮೆಲ್ಲಗೆ, ಸಾಹೇಬರಿಗೆ ಹೇಳುವಾಗ ಆ ಒಂದು ಸಾಲನ್ನೂ ಸೇರಿಸಿ ಅಂದ. ಯಾವ ಸಾಲು ಗೊತ್ತಾ? ‘ಕೆಳಗಿನ ಮಣ್ಣಿನ ತಾಯಿಯೇ, ಮೇಲಿನ ಸೂರ್ಯಚಂದ್ರರ ತಂದೆಯೇ’. ಅಜ್ಜಂದಿರು ದೇವರನ್ನು ಕರೆಯುತ್ತಿದ್ದ ಹೆಸರು, ಈಗ ಚರ್ಚಿನ ಪ್ರಾರ್ಥನೆಯಲ್ಲೂ ಬರುವ ಹೆಸರು! ಬುಧವಾರ ಬೈದು ಕಳಿಸಿದೆ. ಸಕ್ಕರೆ ಮಾತ್ರ ಇಟ್ಟುಕೊಂಡೆ. ಗುರುವಾರ ಮತ್ತೆ ಬಂದು, ನನ್ನ ನೇಯ್ಗೆ ನೋಡಿ, ಈ ಬೆರಳು ಸರ್ಕಾರದ ಕಣ್ಣಿಗೆ ಬೀಳಬೇಕಿತ್ತು ಎಂದು ನಿಟ್ಟುಸಿರು ಬಿಟ್ಟ. ಶುಕ್ರವಾರ ಅವನು ಬರುವ ದಾರಿಯನ್ನು ನಾನೇ ನೋಡುತ್ತಿದ್ದೆ ಮಗಾ. ತಲೆ ಬಾಚಿಕೊಂಡು ಬೇರೆ. ಎರಡು ಮಾತು ತಾನೇ, ದೇಶದ ಹಬ್ಬ ತಾನೇ, ದೇವರು ಇಷ್ಟಕ್ಕೆಲ್ಲ ಮುನಿಸಿಕೊಳ್ಳುತ್ತಾನೆಯೇ ಎಂದು ನನಗೆ ನಾನೇ ಹೇಳಿಕೊಂಡೆ. ಹೂಂ ಅಂದುಬಿಟ್ಟೆ. ಅಟ್ಟಕ್ಕೇರಿಸುವುದಕ್ಕೆ ಆ ಮನುಷ್ಯನಿಗೆ ಮೂರೇ ಸಂಜೆ ಸಾಕಾಯಿತು.

ಭಾನುವಾರ ಪೂಜೆಯಲ್ಲಿ ಓದಿದ್ದು ನಾಣ್ಯದ ಶುಭಸಂದೇಶ. ಪ್ರತಿ ವರ್ಷ ಈ ದಿನಕ್ಕೆ ಅದೇ. ಚಕ್ರವರ್ತಿಯದು ಚಕ್ರವರ್ತಿಗೆ, ದೇವರದು ದೇವರಿಗೆ. ತೆರಿಗೆ ಕಟ್ಟಿ, ರಸ್ತೆ ಕೆಲಸಕ್ಕೆ ಹೋಗಿ, ಹಿರಿಯರಿಗೆ ಮರ್ಯಾದೆ ಕೊಡಿ ಎಂದು ಫಾದರ್ ಹೇಳುತ್ತಾರೆ, ನಾವು ತಲೆಯಾಡಿಸುತ್ತೇವೆ. ಈ ಸಲ ಅವರು ಬೇರೆ ಒಂದು ಕಡೆ ಬೆರಳಿಟ್ಟರು. ನಾಣ್ಯದ ನೆಪದಲ್ಲಿ ಸ್ವಾಮಿಯನ್ನು ಸಿಕ್ಕಿಸಲು ಬಂದವರು ಮೊದಲು ಪ್ರಶ್ನೆ ಕೇಳಲಿಲ್ಲ, ಮೊದಲು ಹೊಗಳಿದರು, ನೋಡಿ ಅಂದರು. “ಹೊಗಳಿಕೆ ಮುಗಿದ ಕೂಡ್ಲೇ ಏನ್ ಕೇಳ್ತಾರೆ, ಅದನ್ನ ಗಮನಿಸಿ.” ಹಾಡುವವರ ಬೆಂಚಿನಲ್ಲಿ ಕೂತಿದ್ದ ನನ್ನ ಎರಡೂ ಕಿವಿ ಕಾವಲಿಯಂತೆ ಕಾದವು. ಸಾಲು ಬಿಟ್ಟುಬಿಡೋಣ ಅಂದುಕೊಂಡೆ. ಆದರೆ ಮಾತು ಕೊಟ್ಟಾಗಿತ್ತು. ಇನ್ನೂ ನಿಜ ಹೇಳಬೇಕೆಂದರೆ, ಜೀಪಿನಿಂದ ಸಾಹೇಬರು ಇಳಿದು ಮೈದಾನವಿಡೀ ನನ್ನ ಕಡೆ ತಿರುಗಿದಾಗ ಫಾದರ್ ಹೇಳಿದ್ದು ಪೂರ್ತಿ ಮರೆತುಹೋಯಿತು.

ನೀರು ಚಿಮುಕಿಸಿದೆ. ದನಿ ಚೆನ್ನಾಗಿ ಏರಿತು. ಸಾಹೇಬರ ಮುಖ ನೋಡಿಕೊಂಡೇ ಆ ಸಾಲು ಹೇಳಿದೆ. ಹೇಳಿದೆನೋ ಇಲ್ಲವೋ, ಮುಂದಿನ ಸಾಲಿನ ಅಜ್ಜಿಯರೆಲ್ಲ ಶಿಲುಬೆಯ ಗುರುತು ಹಾಕಿಕೊಂಡರು. ಆ ಹೆಸರು ಕೇಳಿದರೆ ನಮ್ಮವರ ಕೈ ತಾನಾಗಿ ಹಣೆಗೆ ಹೋಗುತ್ತದಲ್ಲ! ನಿನ್ನ ಅಪ್ಪ ಧೂಳಲ್ಲೇ ಮಂಡಿಯೂರಿದರು. ಶಾಲೆಯ ಮಕ್ಕಳು ಆಮೆನ್ ಅಂದರು. ನಮ್ಮ ಸಾಹೇಬರು, ಅವರೂ ಈ ನೆಲದವರೇ ತಾನೇ, ಟೋಪಿ ತೆಗೆದು, ಶಿಲುಬೆ ಹಾಕಿಕೊಂಡು, ತಲೆ ಬಾಗಿಸಿ ಪ್ರಾರ್ಥನೆಗೆ ಕಾದು ನಿಂತರು. ಪ್ರಾರ್ಥನೆ ಎಲ್ಲಿ ಬರಬೇಕು? ಸಾಹೇಬರು ಒಂದು ಕಣ್ಣು ತೆರೆದು ನನ್ನನ್ನು ನೋಡಿದರು, ನಾನು ಅವರತ್ತಲೇ ಚಾಚಿದ್ದ ಎಲೆಯನ್ನು ನೋಡಿದರು, ಹಿಂದೆ ಯಾರಾದರೂ ನಿಂತಿದ್ದಾರೆಯೇ ಎಂದು ತಿರುಗಿ ನೋಡಿದರು. ಆಗ ಅವರಿಗೆ ಅರ್ಥವಾಯಿತು.

“ಅಮ್ಮಾ, ಅದು ನನಗಾ ಹೇಳಿದ್ದು?” ಎಂದು ಕೇಳಿದರು.

ನಾನು ಕ್ಲೆಮೆನ್ಸನನ್ನು ನೋಡಿದೆ. ಅವನು ಬಾವುಟದ ಕಂಬ ನೋಡುತ್ತಿದ್ದ. ಅವನು ಬಂದ ಮೂರು ಸಂಜೆಗಳನ್ನೂ ಸಕ್ಕರೆಯನ್ನೂ ಅಲ್ಲೇ ಎಲ್ಲರೆದುರಿಗೆ ಒಪ್ಪಿಕೊಂಡೆ. ಹೂಂ ಅಂದದ್ದು ನಾನೇ, ಅವನೊಬ್ಬನ ತಪ್ಪಲ್ಲ ಎಂದೂ ಹೇಳಿದೆ. ಸಾಹೇಬರು ಟೋಪಿ ಕೈಯಲ್ಲೇ ಹಿಡಿದುಕೊಂಡು, “ದೇವ್ರ ಕೆಲ್ಸ ನನಗೆ ಬೇಡಮ್ಮಾ, ತಾಲೂಕಿನ ಕೆಲ್ಸಾನೇ ಮುಗೀತಾ ಇಲ್ಲ. ನಾನು ಯಾರೋ ಅಷ್ಟು ಹೇಳಿ ಕರೀರಿ, ಸಾಕು,” ಅಂದರು. ನಾನು ಮೊದಲಿಂದ ಶುರು ಮಾಡಿದೆ. ಬಾಯಿಗೆ ಬಂದದ್ದನ್ನು ಹಳೆಯ ರಾಗಕ್ಕೇ ಹಾಕಿದೆ. ಪಕ್ಕದ ಕಣಿವೆಯ ಮಗನೇ ಬಾ, ತೆರಿಗೆ ಕಟ್ಟಿದ್ದೇವೆ, ಬಾವುಟಕ್ಕೆ ಬಂದಿದ್ದೇವೆ, ಹಳ್ಳದ ಸೇತುವೆ ಬಿದ್ದು ಎರಡು ಮಳೆಗಾಲವಾಯಿತು, ನೋಡಿ ಹೋಗು, ಊಟ ಮಾಡಿ ಹೋಗು ಎಂದು! ಮೈದಾನವೆಲ್ಲ ನಕ್ಕಿತು. ಸಾಹೇಬರು ಎಲ್ಲರಿಗಿಂತ ಜೋರಾಗಿ ನಕ್ಕರು. ಬಾವುಟ ಏರಿತು, ರಾಷ್ಟ್ರಗೀತೆಗೆ ನನ್ನ ದನಿ ಯಾವತ್ತಿಗಿಂತ ಸಲೀಸಾಗಿ ಬಂತು. ಆಮೇಲೆ ಸಾಹೇಬರು ಪ್ಯಾಂಟು ಮಡಚಿಕೊಂಡು ಹಳ್ಳಕ್ಕಿಳಿದು ಸೇತುವೆಯ ಕಂಬಗಳನ್ನು ತಾವೇ ಮುಟ್ಟಿ ಅಲ್ಲಾಡಿಸಿ ನೋಡಿದರು. ಹಂದಿಮಾಂಸ, ಸುಟ್ಟ ಮೀನು, ಅಪ್ಪನ ತಾಳೆ ಸಾರಾಯಿ ಎಲ್ಲ ಆಯಿತು. ಕ್ಲೆಮೆನ್ಸನಿಗೂ ಬಡಿಸಿದೆ, ಚಹಾಕ್ಕೆ ಅವನ ಸಕ್ಕರೆಯನ್ನೇ ಎರಡು ಚಮಚ ಜಾಸ್ತಿ ಹಾಕಿಕೊಟ್ಟೆ. ಪಾಪ, ತಲೆಯೆತ್ತದೆ ಕುಡಿದ.

ಅಪ್ಪ, ತಂಗಿ, ಫಾದರ್ ಎಲ್ಲರೂ ನಿನ್ನನ್ನು ಕೇಳಿದ್ದಾರೆ. ಯೋಸೆಫಿನಾಳ ಕೈಲಿ ಒಣಮೀನು, ಹೆಸರುಕಾಳು, ನಾನು ನೇಯ್ದ ಹೊದಿಕೆ ಕಳಿಸಿದ್ದೇನೆ. ಮಲಗುವ ಮುಂಚೆ ಜಪಸರ ಬಿಡಬೇಡ. ದೇವರು ನಿನ್ನನ್ನು ಅಂಗೈಯಲ್ಲಿಟ್ಟು ನೋಡಿಕೊಳ್ಳಲಿ.

ನಿನ್ನ ಅಮ್ಮ,
ಮಾರ್ಥಾ ದುವಾ ಬೂರಾ

ತಾ.ಕ. ಲಾರಿ ಬಂತು, ಹಾರನ್ ಹೊಡೆಯುತ್ತಿದ್ದಾನೆ. ನಿನ್ನ ಪತ್ರ ನಾಲ್ಕು ಪುಟ ಇದೆ ಮಗಾ, ಸಾಹೇಬರು ಹೊಗಳಿದ್ದು ಒಂದೂವರೆ ಪುಟ, ನೀನು ಆ ಬೆಟ್ಟ ಹತ್ತಿದೆ ಎಂದು ಎಲ್ಲಿಯೂ ಇಲ್ಲ. ಸೋಮವಾರದ ಒಳಗೆ ಹತ್ತು. ನಲ್ಲಿಯನ್ನು ನಿನ್ನ ಕೈಯಿಂದಲೇ ತಿರುಗಿಸು. ನೀರು ಬಂದರೆ ಸಂತೋಷವಾಗಿ ಸಹಿ ಹಾಕು, ಸರ್ಕಾರದ ಕೆಲಸ ಅದೇ. ಬರದಿದ್ದರೆ ಬಂದಿಲ್ಲ ಎಂದು ಬರೆದುಕೊಡು, ಅದೂ ಸರ್ಕಾರದ ಕೆಲಸವೇ. ಅದಕ್ಕೆ ಮನೆಗೆ ಕಳಿಸಿದರೆ ಬಾ, ಅಟ್ಟದಲ್ಲಿ ಮೆಕ್ಕೆಜೋಳ ಇದೆ, ಅಪ್ಪನಿಗೆ ನಾನು ಹೇಳುತ್ತೇನೆ. ಸೆವೆರಿನುಸ್ ಎಂಬ ಪೂರ್ತಿ ಹೆಸರನ್ನು ನಿನಗೆ ಕಚೇರಿ ಕೊಟ್ಟದ್ದಲ್ಲ, ಚರ್ಚಿನಲ್ಲಿ ತಲೆಗೆ ನೀರು ಹಾಕಿ ಇಟ್ಟದ್ದು. ಇಲ್ಲದ ನೀರಿಗೆ ಆ ಹೆಸರು ಬರೆಯಬೇಡ.