ಪುಕ್ಕಟೆ ಪೇಟೆ ಸುತ್ತಾಟವೂ ನಮ್ಮ ತೇಗದ ಬಾಗಿಲೂ

ಜಿದ್ದಾ, ಶನಿವಾರ

ಅಕ್ಕಾ,

ಸಮಸ್ತ ಬಂಧುಬಳಗಕ್ಕೆ ಸಾರಿಬಿಡು: ನನ್ನ ಹೊಸ ಚಪ್ಪಲಿ ಇವತ್ತು ಕಚ್ಚಲಿಲ್ಲ! ನಿನ್ನ ಮಗ ಅಖಿಲೇಶ ಜಿದ್ದಾದ ಹಳೇ ಪೇಟೆಯನ್ನು ನಡೆದು ನೋಡಲು ಕರೆದೊಯ್ದಿದ್ದ. ತೋರಿಸುವವನು ಹಿಶಾಮ್ ಎಂಬ ಇಲ್ಲಿಯದೇ ತರುಣ. ಎಲ್ಲ ಪುಕ್ಕಟೆಯಂತೆ. ಆ ಮಾತು ಕೇಳಿದ್ದೇ ನಾನು ಜೇಬಿನ ಮೇಲೆ ಕೈಯಿಟ್ಟುಕೊಂಡೆ. ಪ್ರತಿ ತಿರುವಿನಲ್ಲೂ ಅವನ ಯಾರೋ ಭಾವನ ಅತ್ತರಿನ ಅಂಗಡಿ ಎದುರಾಗುತ್ತದೆಂದು ಕಾದೆ. ಖರ್ಜೂರ ಕೊಟ್ಟ, ನಾನು ಮುಟ್ಟಲಿಲ್ಲ. “ಎಂತ ಮಾವ, ಎಲ್ಲದಕ್ಕೂ ಡೌಟು ನಿಮ್ಮದು! ತಿನ್ನಿ ಮಾರಾಯ್ರೆ,” ಎಂದು ಅಖಿಲೇಶ ಗದರಿದ.

ಸಮುದ್ರದ ಹವಳದ ಕಲ್ಲಿನಿಂದ ಕಟ್ಟಿದ ಮನೆಗಳು, ಮೈತುಂಬ ಕೆತ್ತನೆಯ ಮರದ ಕಿಟಕಿಗಳು. ಒಂದು ಬಾಗಿಲನ್ನು ಹಿಶಾಮ್ ಕರುವಿನ ಬೆನ್ನು ಸವರಿದಂತೆ ಸವರಿ, “ಇದು ನಿಮ್ಮ ದೇಶದ ತೇಗ, ಹಡಗಿನಲ್ಲಿ ಬಂದದ್ದು. ಇಂಥದ್ದು ಈಗ ಎಲ್ಲಿ ಸಿಗುತ್ತದೆ?” ಎಂದ. ಕೊನೆಗೆ ಕೈಕುಲುಕಿ ಹೊರಟೇಹೋದ. ಅತ್ತರಿನ ಅಂಗಡಿ ಬರಲೇ ಇಲ್ಲ!

ಇಷ್ಟೊಂದು ಸಂಶಯ ದಂಡವಾಯಿತಲ್ಲ ಎಂದು ಕೊರಗುತ್ತಿರುವಾಗ ನೆನಪಾಯಿತು: ಊರಿನ ಮನೆಗೆ ಬಂದು, ನಮ್ಮ ಹಳೇ ಬಾಗಿಲು ಕಿತ್ತುಕೊಂಡು, ಪುಕ್ಕಟೆಯಾಗಿ ಫೈಬರ್ ಬಾಗಿಲು ಕೂರಿಸಿಕೊಡುತ್ತೇನೆಂದ ಆ ನಗುಮುಖದ ಮನುಷ್ಯ! ನಮ್ಮದೂ ತೇಗವೇ, ಕೆತ್ತನೆಯೂ ಉಂಟು. ಅವನ ಮೇಲೆ ಚೂರೂ ಸಂಶಯಪಡದೆ ಚಹಾದ ಜೊತೆ ಬನ್ಸ್ ಬೇರೆ ಕೊಟ್ಟೆವು.

ನಾನು ಬರುವವರೆಗೆ ಅವನನ್ನು ಅಂಗಳದಿಂದಲೇ ಸಾಗಹಾಕು. ಕಾರ್ಡಿನಲ್ಲಿ ಜಾಗ ಮುಗಿಯಿತು, ಇನ್ನೊಂದೇ ಮಾತು. ಆ ಬಾಗಿಲಿನ ಚಿಲಕಕ್ಕೆ ಮೈ ಒರೆಸಿದ ಒದ್ದೆ ಬೈರಾಸು ನೇತುಹಾಕುವುದನ್ನು ಇವತ್ತಿನಿಂದಲೇ ನಿಲ್ಲಿಸು.

ತಮ್ಮ, ಉಗ್ಗಪ್ಪ