ಗೋಡಂಬಿ ಗುರುತಿನ ಬಿಸ್ಕತ್ತು

ಅತ್ತೆ,

ನಿನ್ನೆ ಅಟ್ಟದಿಂದ ನಿಮ್ಮ ಬಿಸ್ಕತ್ತಿನ ಡಬ್ಬಿಗಳನ್ನ ಇಳಿಸಿದೆ. ನಿಮ್ಮ ವರ್ಷಾಂತಿಕ ಮುಗಿದ ಮೇಲೆ ಇದೇ ಮೊದಲ ದೀಪಾವಳಿ. ಹೋದ ವರ್ಷ ಹಬ್ಬ ಮಾಡೋ ಹಾಗಿರಲಿಲ್ಲ, ಧೂಳು ಕೂತಿತ್ತು. ಮುಚ್ಚಳ ತೆಗೆದ್ರೆ ಇನ್ನೂ ಬೆಣ್ಣೆ ವಾಸನೆ! ತೊಳೆಯೋಕೆ ಮನಸ್ಸು ಬರಲಿಲ್ಲ. ಆದ್ರೂ ತೊಳೆದೆ ಬಿಡಿ, ಜಿರಳೆ ಬಂದ್ರೆ ನೀವೇ ಬೈತಿದ್ರಿ.

ನಾನು ಈ ಮನೆಗೆ ಬಂದ ವರ್ಷ ನೀವು ಹಿಟ್ಟು ಕಲಸಿ, ತಟ್ಟಿ, ತಟ್ಟೆಗಳಲ್ಲಿ ಜೋಡಿಸಿ, ಯಲಹಂಕ ಹಳೇ ಟೌನಿನ ಬೇಕರಿಗೆ ನನ್ನನ್ನ ಕರ್ಕೊಂಡು ಹೋಗಿದ್ದು ನೆನಪಿದ್ಯಾ? ಆಗ ಮನೇಲಿ ಓವನ್ ಎಲ್ಲಿತ್ತು? ಹಬ್ಬದ ಹಿಂದಿನ ವಾರ ಬೀದಿಯ ಅರ್ಧ ಮನೆಗಳ ತಟ್ಟೆ ಅಲ್ಲಿ ಸಾಲಾಗಿ ಕೂತಿರ್ತಿದ್ವು. ಯಾರ ಮನೇದು ಯಾವುದು ಅಂತ ಗೊತ್ತಾಗೋಕೆ ಒಬ್ಬರು ಫೋರ್ಕಲ್ಲಿ ಗೀರು ಎಳೆಯೋರು, ಇನ್ನೊಬ್ಬರು ಸೀಸೆ ಮುಚ್ಚಳ ಒತ್ತೋರು. ನಿಮ್ಮದಕ್ಕೆ ಮಾತ್ರ ಪ್ರತಿಯೊಂದರ ಮೇಲೂ ಅರ್ಧ ಗೋಡಂಬಿ. "ಇಷ್ಟೊಂದು ಗೋಡಂಬಿ ಯಾಕತ್ತೆ?" ಅಂದ್ರೆ, "ಬೇರೆಯವರ ಮನೆ ಬಿಸ್ಕತ್ತು ಬಂದುಬಿಟ್ಟು, ನಿಮ್ಮ ಮಾವ ಅದನ್ನ ತಿಂದು ಹೊಗಳಿದ್ರೆ ನಂಗೆ ತಡ್ಕೊಳಕ್ಕಾಗಲ್ಲ ಕಣೇ" ಅಂದಿದ್ರಿ.

ಮಾವನ ವಿಷಯಕ್ಕೇ ಬರ್ತೀನಿ, ಗಾಬರಿ ಆಗ್ಬೇಡಿ. ಹೊಸ ಚಪ್ಪಲಿ ಕಚ್ಚಿ ಎಡಗಾಲಿನ ಹೆಬ್ಬೆರಳಲ್ಲಿ ಗಾಯ ಆಯ್ತು, ತಿಂಗಳುಗಳಾದ್ರೂ ಮಾಯ್ತಿಲ್ಲ. ಹೆಬ್ಬಾಳದ ಡಾಕ್ಟರು, "ಶುಗರ್ ಇಳೀಲಿಲ್ಲ ಅಂದ್ರೆ ಬೆರಳು ತೆಗೀಬೇಕಾಗುತ್ತೆ" ಅಂತ ನೇರವಾಗೇ ಹೇಳಿದ್ರು. ಅನ್ನ ಕಮ್ಮಿ, ಸಕ್ಕರೆ ಮೈದಾ ಪೂರ್ತಿ ಬಂದ್. ನಂಗೆ ತುಂಬ ಭಯ ಆಗಿದೆ ಅತ್ತೆ. ಮಾವ ಮಾತ್ರ ಬೆರಳು ಬೇರೆ ಯಾರದೋ ಅನ್ನೋ ಹಾಗಿದ್ದಾರೆ. ಹಾಲು ತರ್ತೀನಿ ಅಂತ ಕುಂಟ್ಕೊಂಡು ಹೋಗಿ, ಅಂಗಡೀಲಿ ಬೆಣ್ಣೆ ಬಿಸ್ಕತ್ತು ತಿಂದು, ಬಾಯಿ ಒರೆಸ್ಕೊಂಡು ಬರ್ತಾರೆ. ಮೀಸೆ ಮೇಲೆ ಪುಡಿ ಇರುತ್ತೆ. ನಾನು ನೋಡಿಲ್ಲ ಅಂದ್ಕೊಂಡಿದ್ದಾರೆ.

ಅದಕ್ಕೇ ಹಬ್ಬಕ್ಕೆ ಎರಡು ಬಗೆ ಮಾಡೋಣ ಅಂತ ಪ್ಲಾನ್ ಹಾಕಿದೆ. ಬಂದುಹೋಗೋರಿಗೆ ನಿಮ್ಮ ಕೈಯಳತೆಯ ಬೆಣ್ಣೆ ಬಿಸ್ಕತ್ತು. ಮಾವನಿಗೆ ಬಾದಾಮಿ ಹಿಟ್ಟು, ಕೊಬ್ಬರಿ ತುರಿ, ಬೆಣ್ಣೆ, ಏಲಕ್ಕಿ. ಸಕ್ಕರೆ ಇಲ್ಲವೇ ಇಲ್ಲ. ಮೊದಲ ಸಲ ನಮ್ಮ ಪುಟ್ಟ ಓವನ್‌ನಲ್ಲಿ ಮಾಡಿದಾಗ ಮುಟ್ಟಿದ್ರೆ ಉದುರೋದು. ನಿಮ್ಮ ಮಗ, "ಇದನ್ನ ತಿನ್ನೋದಾ, ರಂಗೋಲಿ ಹಾಕೋದಾ?" ಅಂದ್ರು. ನಾನು ಸುಮ್ನಿರ್ತೀನಾ? "ಹಾಗಾದ್ರೆ ನೀವೇ ಕಲಸಿ" ಅಂತ ಬಟ್ಟಲು ಅವರ ಮುಂದೆ ಇಟ್ಟೆ. ಬೆಣ್ಣೆ ಹೆಚ್ಚು ಕಮ್ಮಿ ಮಾಡ್ತಾ ಮಾಡ್ತಾ ಕೊನೆಗೆ ನೆಟ್ಟಗೆ ಬಂತು.

ಎಡವಟ್ಟಾಗಿದ್ದು ಆಮೇಲೆ. ಎರಡೂ ನೋಡೋಕೆ ಒಂದೇ ಥರ ಇದ್ವು. ಅದಲುಬದಲಾಗ್ಬಾರ್ದು ಅಂತ ಮೈದಾದ್ದಕ್ಕೆ ಗೋಡಂಬಿ ಒತ್ತಿದೆ, ಮಾವನದನ್ನ ಬೋಳಾಗಿ ಬಿಟ್ಟೆ. ಭಾನುವಾರ ಕಾಫಿ ಜೊತೆ ಎಲ್ಲರಿಗೂ ಇಟ್ಟೆ. ಮಾವ ತಮ್ಮ ತಟ್ಟೆ ನೋಡಿದ್ರು, ನನ್ನ ತಟ್ಟೆ ನೋಡಿದ್ರು. "ಏನಮ್ಮಾ, ನನ್ನ ಮನೇಲೇ ನಂಗೆ ಪಂಕ್ತಿಭೇದಾನಾ?" ಅಂತ ಎದ್ದುಹೋದ್ರು. ಜೊತೇಲಿ ಕೂತೋರಿಗೆ ಬೇರೆ ಬೇರೆ ಬಡಿಸಬಾರ್ದು ಅಂತ, ಸಿಲಿಂಡರ್ ತಂದೋನಿಗೂ ನಮ್ಮ ಹೋಳಿಗೇನೇ ಕೊಟ್ಟೋರು ನೀವು. ಆದ್ರೆ ನಂಗೂ ಸಿಟ್ಟು ಬಂತು. ಬೆರಳು ಉಳಿಸೋಕೆ ಒದ್ದಾಡೋದೂ ನಾನು, ಪಂಕ್ತಿಭೇದ ಅಂತ ಅನ್ನಿಸ್ಕೊಳ್ಳೋದೂ ನಾನೇನಾ? ನೀವಿದ್ದಿದ್ರೆ...

ಮಾವನಿಗೆ ಶುಗರ್ ಅಂತ ಗೊತ್ತಾದ ದಿನ ನೀವು ಮನೆಮಂದಿ ಕಾಫಿಗೆಲ್ಲ ಸಕ್ಕರೆ ನಿಲ್ಲಿಸಿದ್ರಲ್ಲ? ನಿಮ್ಮ ಮಗ ಎಷ್ಟು ಮುಖ ಊದಿಸ್ಕೊಂಡಿದ್ರು! ಅದು ನೆನಪಾಯ್ತು. ಇವತ್ತು ಬೆಳಿಗ್ಗೆ ಎರಡೂ ಹಿಟ್ಟು ತಟ್ಟಿ ಜೋಡಿಸಿ, ಗೋಡಂಬಿ ಬಟ್ಟಲು ಮಾವನ ಮುಂದಿಟ್ಟು, ಮುಚ್ಚುಮರೆ ಇಲ್ಲದೆ ಹೇಳ್ದೆ: "ಇದು ಮೈದಾದ್ದು, ಬಂದೋರಿಗೆ. ಇದು ಬಾದಾಮೀದು, ನಾವೆಲ್ಲ ತಿನ್ನೋದು. ಗುರುತು ಯಾವುದಕ್ಕೆ ಹಾಕ್ಬೇಕೋ ನೀವೇ ಹಾಕಿ ಮಾವ." ಮಾವ ಕನ್ನಡಕ ಹಾಕ್ಕೊಂಡು ಬಾದಾಮೀದರ ಮೇಲೆ ಒಂದೊಂದಾಗಿ ಗೋಡಂಬಿ ಒತ್ತಿದ್ರು. ಸರಿಯಾಗಿ ಅರ್ಧ ಮಾಡೋಕೆ ಬರ್ದೆ ಕೆಲವು ಚೂರಾದ್ವು, ಚೂರೆಲ್ಲ ಬಾಯಿಗೆ ಹೋಯ್ತು. ನಾನು ಬೈಲಿಲ್ಲ.

"ಇಷ್ಟೊಂದನ್ನ ಆ ಪುಟ್ಟ ಪೆಟ್ಟಿಗೇಲಿ ಸುಡ್ತೀಯಾ? ಬೇಕರಿಗೆ ಹೋಗೋಣ ನಡಿ" ಅಂದೋರೂ ಅವರೇ. ಈಗ ಅಲ್ಲಿಗೆ ಯಾರೂ ಹಿಟ್ಟು ತರಲ್ವಂತೆ. ಆದ್ರೆ ತಟ್ಟೆ ಮೇಲಿನ ಬಟ್ಟೆ ಸರಿಸಿದ ತಕ್ಷಣ ಬೇಕರಿಯವರು, "ಓ, ಗೋಡಂಬಿ ಅಮ್ಮನ ಮನೇದಾ!" ಅಂದ್ರು. ಅಲ್ಲಿ ನಿಮಗೆ ಇಟ್ಟಿರೋ ಹೆಸರು ಅದು. ನಿಮಗೆ ಗೊತ್ತಿತ್ತಾ? "ಅಮ್ಮ ಬರಲಿಲ್ವಾ ಸಾರ್? ನೋಡಿ ತುಂಬ ದಿನ ಆಯ್ತು" ಅಂತ ಕೇಳಿದ್ರು. ಮಾವ ಬಾದಾಮಿ ತಟ್ಟೆ ಮುಂದೆ ತಳ್ಳಿದ್ರು. "ಅವಳಿಲ್ಲ ಕಣಪ್ಪಾ, ಹೋಗಿ ವರ್ಷ ಆಯ್ತು. ಇದು ಬೇಗ ಸೀದುಹೋಗುತ್ತಂತೆ, ಸ್ವಲ್ಪ ನಿಗಾ ಇಟ್ಕೋ. ನನ್ನ ಹೆಂಡ್ತಿ ಗುರುತಿಂದು. ನಾನು ತಿನ್ನೋದು ಇದನ್ನೇ."

ಬೆರಳಿನ ವಿಷಯ ಹಬ್ಬ ಆದ್ಮೇಲೆ ಡಾಕ್ಟರು ನೋಡಿ ಹೇಳ್ತಾರೆ. ಅಲ್ಲೀವರೆಗೂ, ಆಮೇಲೂ, ಅವರನ್ನ ನಾನು ನೋಡ್ಕೋತೀನಿ ಅತ್ತೆ, ನಿಮಗೆ ಮಾತು ಕೊಟ್ಟಿದ್ದೀನಿ. ಇವತ್ತು ಸಂಜೇನೂ ಹಾಲು ತರೋಕೆ ಹೋಗಿದ್ರು. ಬಂದಾಗ ಮೊದಲು ಮೀಸೆ ನೋಡಿದೆ.

ಪುಡಿ ಇರಲಿಲ್ಲ.

ನಿಮ್ಮ ಸೊಸೆ