ನಮ್ಮತ್ತೆಯ ಕಾಯಿ ಮಾವಿನಕಾಯಿಯಲ್ಲ

ಮಾನ್ಯ ಆವಿಷ್ಕಾರ ಪರಿಶೀಲನಾಧಿಕಾರಿಗಳೇ,

ನಮ್ಮ ಮನೆಯಲ್ಲಿ ಹಣ್ಣು ಮಾಡುವ ಯಂತ್ರವಿಲ್ಲ. ಹಿಂದೆಯೂ ಇರಲಿಲ್ಲ, ಮುಂದೆ ತರುವ ಯೋಚನೆಯೂ ಇಲ್ಲ. ನಾವು ನಿಮ್ಮ ಕಚೇರಿಗೆ ಕಳಿಸಿದ್ದು ಚೌಕಾಬಾರ ಆಡುವಾಗ ಕವಡೆ ಹಾಕುವ ಒಂದು ಕೈಡಬ್ಬಿಯ ಅರ್ಜಿಯನ್ನು. ತಾವು ಅದನ್ನು ಮಾವಿನಕಾಯಿ ಹಣ್ಣು ಮಾಡುವ ಪೆಟ್ಟಿಗೆ ಎಂದು ತೀರ್ಮಾನಿಸಿ, ಮೊಹರು ಒತ್ತಿ, ಆಕ್ಷೇಪಣೆ ಕಳಿಸಿದ್ದೀರಿ. ಅದರ ಫಲವಾಗಿ (ಫಲ ಎಂಬ ಮಾತನ್ನು ದಯವಿಟ್ಟು ಇನ್ನೊಂದು ಹಣ್ಣೆಂದು ತಿಳಿಯಬೇಡಿ) ರಾಮನಗರದ ನಮ್ಮ ಬೀದಿಯಲ್ಲಿ ನನ್ನ ಅತ್ತೆ ಮೋಸಗಾತಿ ಎಂಬುದು ಸರ್ಕಾರದ ಮೂಲಕವೇ ರುಜುವಾತಾಗಿ ಹೋಗಿದೆ. ಇದನ್ನು ತಮಗೊಬ್ಬರಿಗೇ ಬರೆದು ತಿಳಿಸಬಹುದಿತ್ತು. ಬರೆದೆ. "ತಮ್ಮ ಹಣ್ಣಿನ ಅರ್ಜಿ ಪರಿಶೀಲನೆಯಲ್ಲಿದೆ" ಎಂದು ಉತ್ತರ ಬಂತು. ಮತ್ತೆ ಬರೆದೆ, ಮತ್ತೆ ಅದೇ ಬಂತು. ಹಾಗಾಗಿ ಈಗ ಊರೆಲ್ಲ ಓದುವಂತೆ ಬರೆಯುತ್ತಿದ್ದೇನೆ.

ನಾನು ಬಿ.ಎ. ಓದಿ ಬ್ಲೌಸ್ ಹೊಲಿಯುವವಳು. ಆವಿಷ್ಕಾರ ಮಾಡಬೇಕೆಂಬ ಚಪಲ ನನಗಿರಲಿಲ್ಲ. ನನ್ನ ಅತ್ತೆ ಚಿಕ್ಕಲಕ್ಷ್ಮಮ್ಮ ಮತ್ತು ಎದುರುಮನೆಯ ಜೈನಬಮ್ಮ ಪ್ರಾಯದಲ್ಲಿ ಒಂದೇ ರೇಷ್ಮೆ ಘಟಕದಲ್ಲಿ ಅಕ್ಕಪಕ್ಕ ಕುಳಿತು ನೂಲು ತೆಗೆದವರು. ಆ ಕೆಲಸ ಬಿಟ್ಟ ಮೇಲೂ ಅಕ್ಕಪಕ್ಕ ಕೂರುವ ಅಭ್ಯಾಸ ಬಿಡಲಿಲ್ಲ. ಜೈನಬಮ್ಮನ ಜಗಲಿಯ ಮೇಲೆ ಹಸಿರು ಪೇಂಟಿನಲ್ಲಿ ಚೌಕಾಬಾರದ ಇಪ್ಪತ್ತೈದು ಮನೆ ಬರೆದಿದೆ. ಮಧ್ಯಾಹ್ನದ ಊಟವಾಗಿ ಪಾತ್ರೆ ತೊಳೆದರೆ ಇಬ್ಬರೂ ಅಲ್ಲಿ ಹಾಜರು. ಮನೆಯಲ್ಲಿ ಮದುವೆಯಿದ್ದರೂ ಸರಿ, ಓಟಿನ ದಿನವಾದರೂ ಸರಿ, ಒಂದಾಟ ಆಗಲೇಬೇಕು. ಆಡುವಾಗ ಬೈದುಕೊಳ್ಳುತ್ತಿದ್ದ ಬೈಗುಳ ಕೇಳಿ ಹೊಸದಾಗಿ ಬಾಡಿಗೆಗೆ ಬಂದವರು ಹೆದರಿ ಬಿಡಿಸಲು ಓಡಿ ಬಂದದ್ದೂ ಉಂಟು.

ಹೋದ ವರ್ಷ ಅತ್ತೆಗೆ ಲಕ್ವ ಹೊಡೆಯಿತು. ದೇವರ ದಯೆ, ಚೇತರಿಸಿಕೊಂಡರು. ಕಾಲು ಬಂತು, ಮಾತು ಬಂತು, ಮಾತಿಗಿಂತ ಮೊದಲೇ ಬೈಗುಳ ಬಂತು. ಬಲಗೈ ಬೆರಳು ಮಾತ್ರ ಬರಲಿಲ್ಲ. ಕವಡೆ ಹಿಡಿದರೆ ಅವು ತಾವಾಗಿಯೇ ಜಾರುತ್ತವೆ. ಜಗಳ ಹುಟ್ಟಿದ್ದು ಅಲ್ಲೇ. ಒಳ್ಳೆಯ ಗರ ಬಿದ್ದರೆ ಅತ್ತೆ "ನಾನೇ ಹಾಕ್ದೆ" ಎನ್ನುವರು, ಕೆಟ್ಟದ್ದು ಬಿದ್ದರೆ "ಜಾರ್ಬುಡ್ತು ಕಣಮ್ಮಿ, ಲೆಕ್ಕಕ್ಕಿಲ್ಲ" ಎನ್ನುವರು.

"ಯಾ ಅಲ್ಲಾ! ಎಂಟು ಬಿದ್ರೆ ಕೈ ಸರಿಗೈತೆ, ಒಂದು ಬಿದ್ರೆ ಲಕ್ವನಾ?" ಎಂದು ಜೈನಬಮ್ಮ ಸಿಟ್ಟಾದರು.

ಎಡಗೈಯಲ್ಲಿ ಹಾಕಿ ಎಂದು ಅತ್ತೆಗೆ ಹೇಳಿದೆ. "ಎಡಗೈಲಿ ಗೆದ್ರೆ ಗೆದ್ದಂಗಾ?" ಎಂದರು. ನಿಮ್ಮ ಪರವಾಗಿ ನಾನು ಹಾಕಿಕೊಡುತ್ತೇನೆ ಎಂದೆ. ಒಂದು ದಿನ ಹಾಕಿಕೊಟ್ಟೆ. ಸೋತರು. "ನಿನ್ ಕೈಗುಣ ಸರಿಗಿಲ್ಲ, ನೀನು ಹೊಲ್ಕೋ ಹೋಗು" ಎಂದು ಎಬ್ಬಿಸಿದರು. ಕೈಗುಣ ಎಂದರೇನೆಂದು ತಾವು ಕೇಳಬಹುದು. ಗೆದ್ದವರ ಕೈಗಿರುತ್ತದೆ, ಸೊಸೆಯ ಕೈಗಿರುವುದಿಲ್ಲ. ಅಷ್ಟೇ ನನಗೆ ಗೊತ್ತಿರುವುದು.

ಒಟ್ಟಿನಲ್ಲಿ ಅತ್ತೆಯೇ ಹಾಕಬೇಕು, ಅವರ ಬಲಗೈಯಲ್ಲೇ ಹಾಕಬೇಕು, ಕವಡೆ ಜಾರಬಾರದು. ಆಗ ನನ್ನ ತಲೆ ಓಡಿತು. ಚನ್ನಪಟ್ಟಣದಲ್ಲಿ ಗೊಂಬೆ ಕಡೆಯುವ ತನ್ವೀರ್ ಜೈನಬಮ್ಮನ ತಂಗಿಯ ಮಗ. ಅವನ ಹತ್ತಿರ ಹಾಲೆ ಮರದಲ್ಲಿ ಅರ್ಧ ತೆಂಗಿನಚಿಪ್ಪಿನಷ್ಟು ಬಟ್ಟಲು ಕಡೆಸಿ, ಅರಗಿನ ಬಣ್ಣ ಹಾಕಿಸಿದೆ. ಬಟ್ಟಲೊಳಗೆ ತಗಡಿನ ತಳ, ತಳದ ಕೆಳಗೆ ನನ್ನ ಹಳೆಯ ಹೊಲಿಗೆ ಮಿಷಿನ್ನಿನ ಸ್ಪ್ರಿಂಗು, ಮೇಲೆ ಸ್ವೀಟ್ ಡಬ್ಬಿಯ ಪಾರದರ್ಶಕ ಮುಚ್ಚಳ. ಕವಡೆಗಳು ಒಳಗೇ ಇರುತ್ತವೆ. ಬೆರಳು ಬೇಡ, ಅಂಗೈಯಿಂದ ಒತ್ತಿದರೆ ಟಕ್ಕನೆ ಹಾರಿ ಮುಚ್ಚಳದ ಕೆಳಗೇ ಮಗುಚಿ ಬೀಳುತ್ತವೆ. ಜಾರುವ ಮಾತೇ ಇಲ್ಲ, ಜಾರಿತು ಎನ್ನುವ ಮಾತೂ ಇಲ್ಲ. ಬೀಗಬಾರದು, ಆದರೂ ಬೀಗಿದೆ.

ಮೊದಲ ದಿನ ಅತ್ತೆ ಒತ್ತಿದರು. ಬಾರ, ಅಂದರೆ ಎಂಟು. ಬಾರ ಬಿದ್ದರೆ ಇನ್ನೊಮ್ಮೆ ಹಾಕಬೇಕು. ಒತ್ತಿದರು. ಮತ್ತೆ ಬಾರ. ಮತ್ತೊಮ್ಮೆ ಒತ್ತಿದರು. ಚೌಕ, ನಾಲ್ಕು. ನನಗೇ ಬೆವರಿತು. ಅತ್ತೆ ಇನ್ನೊಮ್ಮೆ ಒತ್ತುವ ಮೊದಲೇ ಜೈನಬಮ್ಮ ಡಬ್ಬಿ ಇಸಿದುಕೊಂಡು ಒತ್ತಿದರು. ಒಂದು ಬಿತ್ತು. ಅವರು ಸೆರಗು ಕೊಡವಿ ಎದ್ದರು.

"ಇದು ಆಳು ನೋಡ್ಕಂಡು ಬೀಳ್ತೈತೆ! ನಮ್ ತನ್ವೀರ್‌ನೂ ಸೇರ್ಸ್ಕಂಡು ಏನೋ ಮಾಡಿವ್ರೆ. ರೇಷ್ಮೆ ಗೂಡಿನ ಮಾರ್ಕೆಟ್ನಲ್ಲಿ ಸೀಲಿಲ್ದಿರೋ ತಕ್ಕಡೀಲಿ ಯಾರಾದ್ರೂ ಗೂಡು ತೂಗುಸ್ತಾರಾ? ಸರ್ಕಾರದೋರು ಇದನ್ನ ನೋಡಿ ಸೀಲ್ ಹಾಕ್ಲಿ. ಆಮೇಲೆ ಆಡ್ತೀನಿ," ಎಂದು ಒಳಗೆ ಹೋಗಿ ಬಾಗಿಲು ಹಾಕಿಕೊಂಡರು.

ಅತ್ತೆಗೂ ರೋಷ ಬಂತು. "ಸೀಲ್ ಹಾಕ್ಸೇ ತರ್ತೀನಿ ಕಣೆ!" ಎಂದು ಈ ಕಡೆಯಿಂದ ಕೂಗಿದರು. ತರಬೇಕಾದವಳು ನಾನು. ತೂಕ ಮತ್ತು ಅಳತೆ ಇಲಾಖೆಗೆ ಹೋದೆ. ಕವಡೆ ತೂಗುವ ಪದ್ಧತಿ ತಮ್ಮಲ್ಲಿಲ್ಲ ಎಂದರು, ನ್ಯಾಯವಾದ ಮಾತು. ಹೊಸ ಉಪಕರಣ ಕಂಡುಹಿಡಿದವರಿಗೆ ಮೊಹರು ಹಾಕಿದ ಪತ್ರ ಕೊಡುವ ಕಚೇರಿಯೊಂದಿದೆ ಎಂದು ಅಲ್ಲೇ ಯಾರೋ ಹೇಳಿದರು. ಹೀಗೆ ನಾವು ತಮ್ಮ ಪಾದಕ್ಕೆ ಬಂದೆವು.

ಅರ್ಜಿ ಇಂಗ್ಲಿಷಿನಲ್ಲೇ ಇರಬೇಕು ಎಂಬುದು ತಮ್ಮ ನಿಯಮ. ಬಸ್‌ಸ್ಟ್ಯಾಂಡಿನ ಹತ್ತಿರ ಟೈಪಿಂಗ್ ಅಂಗಡಿ ಇಟ್ಟಿರುವ ಅಶ್ವಥ್‌ಗೆ ನಾನು ಬರೆದ ಕನ್ನಡ ಕೊಟ್ಟೆ. ಅವನು ಅದನ್ನು ಮೊಬೈಲಿಗೆ ತಿನ್ನಿಸಿದ, ಮೊಬೈಲು ಇಂಗ್ಲಿಷ್ ಕಕ್ಕಿತು. ನಾನು ಬರೆದದ್ದರ ತಿರುಳು ಇಷ್ಟು: "ಎದುರಾಳಿಯ ಒಂದು ಕಾಯಿಯನ್ನಾದರೂ ಕಡಿದ ಮೇಲೆ ನಮ್ಮ ಕಾಯಿ ಒಳಮನೆಗೆ ಹೋಗಿ, ನಡುಮನೆ ಸೇರಿ ಹಣ್ಣಾಗುತ್ತದೆ. ಕೈ ಸ್ವಾಧೀನವಿಲ್ಲದವರೂ ಈ ಡಬ್ಬಿಯಿಂದ ತಮ್ಮ ಕಾಯಿಗಳನ್ನು ಹಣ್ಣು ಮಾಡಿಕೊಳ್ಳಬಹುದು." ಚೌಕಾಬಾರ ಆಡಿದ ಯಾವ ಕನ್ನಡಿಗರಿಗೂ ಇದರಲ್ಲಿ ಗೊಂದಲವಿಲ್ಲ. ಕಾಯಿ ಎಂದರೆ ನಡೆಸುವ ಕಾಯಿ, ಬಳೆಚೂರೋ ಹುಣಸೆಬೀಜವೋ ಯಾವುದಾದರೂ ಸರಿ. ಕಡಿಯುವುದೆಂದರೆ ಅದನ್ನು ಹೊರಟ ಮನೆಗೇ ಹಿಂದಕ್ಕೆ ಕಳಿಸುವುದು. ಸುತ್ತು ಮುಗಿಸಿ ನಡುಮನೆ ಸೇರಿದರೆ ಅದು ಹಣ್ಣು. ಅದನ್ನು ಯಾರೂ ತಿನ್ನುವುದಿಲ್ಲ.

ತಾವು ತಿಂದಿರಿ. ತಮ್ಮ ಪತ್ರದಲ್ಲಿ ಕೇಳಿದ್ದನ್ನು ಜನರ ಅರಿವಿಗಾಗಿ ಇಲ್ಲಿ ತಿಳಿಸುತ್ತೇನೆ. ಹಣ್ಣು ಮಾಡಲು ಯಾವ ಅನಿಲ ಬಳಸುತ್ತೀರಿ? ಕಾರ್ಬೈಡ್ ಬಳಸುವುದಿಲ್ಲ ಎಂಬ ಪ್ರಮಾಣಪತ್ರ ಎಲ್ಲಿ? ಕಾಯಿ ಕಡಿಯುವ ಕತ್ತಿಯ ಉಲ್ಲೇಖವೇ ಇಲ್ಲವಲ್ಲ? ಅರ್ಜಿಯಲ್ಲಿ ಹೇಳಿರುವ ಇಪ್ಪತ್ತೈದು ಮನೆಗಳಿಗೆ ಬಡಾವಣೆ ಮಂಜೂರಾತಿ ಇದೆಯೇ? ಲಗತ್ತಿಸಿದ ಚಿತ್ರದಲ್ಲಿ ಕಾಣುವ ನಾಲ್ಕು ಬೀಜಗಳು ಯಾವ ತಳಿಯವು? ಸ್ವಾಮಿ, ಅವು ಕವಡೆ. ಸಮುದ್ರದಿಂದ ಬಂದವು. ಯಾವ ಮರದಲ್ಲೂ ಬಿಡುವುದಿಲ್ಲ. ಅರ್ಜಿಯ ತಲೆಯ ಮೇಲೆ "ಕೈಯಲ್ಲಿ ಹಿಡಿದು ಆಡುವ ಆಟದ ಉಪಕರಣ" ಎಂದು ದಪ್ಪಕ್ಷರದಲ್ಲಿತ್ತು. ಆಟ ಎಂಬ ಮಾತು ಓದಿದ ಮೇಲೂ ತಮಗೆ ಕಾರ್ಬೈಡಿನ ನೆನಪು ಬಂದದ್ದು ಹೇಗೆ? ಅರ್ಜಿ ರಾಮನಗರದ್ದು, ಈ ಸೀಮೆಯವರು ಮಾವು ಬಿಟ್ಟು ಬೇರೇನು ಕಂಡುಹಿಡಿದಾರು ಎಂದುಕೊಂಡಿರೇ? ಅಶ್ವಥ್‌ನ ಮೊಬೈಲು ತಪ್ಪಿತು, ಒಪ್ಪಿದೆ. ಮೊಬೈಲು ಎಂದೂ ಜಗಲಿಯ ಮೇಲೆ ಕೂತದ್ದಲ್ಲ. ತಾವೂ ಕೂತಿಲ್ಲವೇ? ತಮಗೂ ಅಜ್ಜಿ ಇರಲಿಲ್ಲವೇ?

ಸುದ್ದಿ ಮಾಗಡಿ ಮುಟ್ಟಲು ತಡವಾಗಲಿಲ್ಲ. ಅಲ್ಲಿ ಮಾವಿನ ತೋಪಿರುವ ಗಂಗಯ್ಯ ನನ್ನ ಅತ್ತೆಗೆ ವರಸೆಯಲ್ಲಿ ತಮ್ಮನಾಗಬೇಕು. ಒಂದು ಮಂಕರಿ ಬಾದಾಮಿ ಕಾಯಿ ಹೊತ್ತು ಬಂದು ಬಾಗಿಲಲ್ಲಿ ಇಳಿಸಿದ. "ಸರ್ಕಾರದಿಂದ ಕಾಗದ ಬಂದೈತಂತಲ್ಲವ್ವ, ಒಸಿ ನನ್ ಕಾಯೂ ಹಾಕ್ಕೊಡು. ಮಾರ್ಕೆಟ್‌ಗೆ ಬೇಗ ಒಯ್ಬೇಕು," ಎಂದ. ನಾನು ಡಬ್ಬಿ ತೋರಿಸಿದೆ. ಅದರೊಳಗೆ ಕಣ್ಣಿಟ್ಟು ನೋಡಿ, "ಒಂದೊಂದೇ ಹಾಕ್ಬೇಕಾ?" ಎಂದು ಕೇಳಿದ. ಅವನಿಗೆ ವಿವರಿಸಿ ಹೇಳುವಷ್ಟರಲ್ಲಿ ಒಲೆಯ ಮೇಲಿನ ಸಾರು ಸೀದುಹೋಯಿತು. ಆ ಕಾಯಿಗಳು ಹುಲ್ಲಿನಲ್ಲಿ ತಾವಾಗಿಯೇ ಹಣ್ಣಾದವು, ಯಾವ ಆವಿಷ್ಕಾರವೂ ಬೇಕಾಗಲಿಲ್ಲ.

ಇಲ್ಲಿಯವರೆಗೆ ನಕ್ಕು ಸುಮ್ಮನಿರಬಹುದಿತ್ತು. ನಗಲಾರದ್ದು ಮುಂದಿದೆ. ತಮ್ಮ ಪತ್ರ ಬಂದ ದಿನವೇ ಅದರ ಮೊಹರು ನೋಡಿ ಅತ್ತೆ ಹಿಗ್ಗಿಬಿಟ್ಟಿದ್ದರು. ಸೀಲು ಬಂದಿದೆಯಲ್ಲ! ಅದರಲ್ಲಿ ಏನಿದೆಯೆಂದು ನಾನು ಓದಿ ಹೇಳುವ ಮೊದಲೇ ಪತ್ರ ಎತ್ತಿಕೊಂಡು ಎದುರುಮನೆಗೆ ಹೋದರು. ಜೈನಬಮ್ಮನ ಮೊಮ್ಮಗಳು ಅಸ್ರಾ ಕಾಲೇಜಿಗೆ ಹೋಗುವವಳು. ಅವಳು ಓದಿ, ಸರಿಯಾಗಿಯೇ ಕನ್ನಡದಲ್ಲಿ ಹೇಳಿದಳು: "ಇದು ಕಾಯಿಗಳನ್ನು ಬೇಗ ಹಣ್ಣು ಮಾಡುವ ಯಂತ್ರ."

ಜೈನಬಮ್ಮ ತೊಡೆ ತಟ್ಟಿಕೊಂಡರಂತೆ. "ಕೇಳಿದ್ಯಾ ಲಕ್ಷ್ಮಮ್ಮ? ನಾನೇನಂದಿದ್ದೆ? ನಿನ್ ಕಾಯಿ ಬೇಗ ಹಣ್ಣಾಗ್ಲಿ ಅಂತಾನೇ ಮಾಡ್ಸಿರೋದು ಇದು. ಸರ್ಕಾರನೇ ಸೀಲ್ ಹಾಕಿ ಬರ್ಕೊಟ್ಟೈತೆ!"

ಈಗ ಹೇಳಿ, ಇದಕ್ಕೆ ನಾನೇನು ಉತ್ತರ ಕೊಡಲಿ? ಸರ್ಕಾರ ಸುಳ್ಳು ಹೇಳಿದೆ ಎಂದರೆ, ಹಾಗಾದರೆ ಅದರ ಸೀಲಿಗೆ ಯಾಕೆ ಅಲೆದೆ ಎನ್ನುತ್ತಾರೆ. ನಿಜ ಹೇಳಿದೆ ಎಂದರೆ ನನ್ನತ್ತೆ ಕಳ್ಳಿ. ತಮ್ಮಂಥ ವಿದ್ಯಾವಂತರು ಒಂದು ಪುಟದಲ್ಲಿ ಮಾಡಿದ ಈ ಸಾಧನೆಯನ್ನು ಜೈನಬಮ್ಮನಿಗೆ ಅಷ್ಟು ವರ್ಷ ಆಡಿಯೂ ಮಾಡಲಾಗಿರಲಿಲ್ಲ. ಅತ್ತೆ ಅವತ್ತು ವಾಪಸ್ ಬಂದವರು ಯಾರನ್ನೂ ಬೈಯಲಿಲ್ಲ. ನನ್ನನ್ನೂ ಬೈಯಲಿಲ್ಲ. ನನಗೆ ನಿಜವಾಗಿ ಭಯವಾದದ್ದು ಆಗ. ಲಕ್ವ ಹೊಡೆದಾಗಲೂ ಅವರು ಅಷ್ಟು ಮಂಕಾಗಿರಲಿಲ್ಲ.

ಅಂದಿನಿಂದ ಎದುರಿನ ಜಗಲಿ ಖಾಲಿ. ಅತ್ತೆ ನಮ್ಮ ಹೊಸ್ತಿಲ ಹೊರಗೆ ಸೀಮೆಸುಣ್ಣದಲ್ಲಿ ಸೊಟ್ಟಸೊಟ್ಟಗೆ ಮನೆ ಬರೆದುಕೊಂಡು ಒಬ್ಬರೇ ಆಡುತ್ತಾರೆ. ಮೊನ್ನೆ ಊಟಕ್ಕೆ ಕರೆದರೆ, "ತಡಿಯವ್ವ, ಜೈನಬಮ್ಮನ ಸರದಿ ಐತೆ," ಎಂದರು. ಎದುರಿಗೆ ಮಣೆ ಹಾಕಿದ್ದರು, ಅದರ ಮೇಲೆ ಯಾರೂ ಇರಲಿಲ್ಲ. ಇಬ್ಬರ ಪಾಲಿನದನ್ನೂ ಅವರೇ ಡಬ್ಬಿಯಲ್ಲಿ ಒತ್ತುತ್ತಿದ್ದರು. ಯಾರು ಗೆಲ್ಲುತ್ತಿದ್ದಾರೆ ಎಂದು ಕೇಳಿದೆ.

"ಇನ್ಯಾರು, ಅವ್ಳೇಯ. ಮನೇಲಿ ಕುಂತ್ಕಂಡೇ ನನ್ ಕಾಯಿ ಕಡೀತಾವ್ಳೆ," ಎಂದರು. ಮುಖದಲ್ಲಿ ನಗು ಇರಲಿಲ್ಲ.

ಮಾನ್ಯರೇ, ಡಬ್ಬಿ ಮೋಸ ಮಾಡುವುದಿಲ್ಲ ಎನ್ನುವುದಕ್ಕೆ ಇದಕ್ಕಿಂತ ದೊಡ್ಡ ಸಾಕ್ಷಿ ಬೇಕೇ? ಆಟಕ್ಕೇ ಬಾರದವರನ್ನು ಗೆಲ್ಲಿಸುವ ಮೋಸದ ಯಂತ್ರ ಎಲ್ಲಾದರೂ ಉಂಟೇ? ಅತ್ತೆ ಮತ್ತೆ ಒತ್ತಿದರು. ಮೂರು ಬಿತ್ತು, ಅದನ್ನು ಗಟ್ಟಿಯಾಗಿ ಎಣಿಸಿದರು. ಜೈನಬಮ್ಮನ ಕಾಯಿ ಎತ್ತಿ ನಡೆಸಿದರು. ಆಗ ಎದುರುಮನೆಯ ಕಿಟಕಿ ಧಡಾರನೆ ತೆರೆಯಿತು.

"ಏಯ್! ಮೂರು ಬಿದ್ದಿರೋದು! ನನ್ ಕಾಯಿ ಎರಡೇ ಮನೆ ನಡೆಸ್ದೆ ನೋಡು!"

ಅತ್ತೆ ಬಗ್ಗಿ ನೋಡಿದರು. ಎರಡೇ ಮನೆ. ಇನ್ನೊಂದು ಮನೆ ಮುಂದೆ ಇಟ್ಟರು. ಜೈನಬಮ್ಮ ಕಿಟಕಿ ಹಾಕಲಿಲ್ಲ. ಕಂಬಿ ಹಿಡಿದು ಅಲ್ಲೇ ನಿಂತರು, ಆಟ ಮುಗಿಯುವವರೆಗೂ ನಿಂತೇ ಇದ್ದರು. ಆದರೂ ಈಚೆಗೆ ಬರಲಿಲ್ಲ. ಸೀಲು ಬರಲಿ ಎಂದು ಒಮ್ಮೆ ಅಂದವರು, ಮಾತು ಹೇಗೆ ತಿರುಗಿಸಿಯಾರು?

ಆದ್ದರಿಂದ ನನ್ನ ಬೇಡಿಕೆ ಇಷ್ಟೇ. ಆವಿಷ್ಕಾರದ ಹಕ್ಕು ನನಗೆ ಬೇಡ. ಯಾರು ಬೇಕಾದರೂ ಈ ಡಬ್ಬಿ ಮಾಡಿಕೊಳ್ಳಲಿ, ಸ್ಪ್ರಿಂಗು ಎಲ್ಲಿ ಹಾಕಬೇಕೆಂದು ಬಂದವರಿಗೆ ನಾನೇ ತೋರಿಸುತ್ತೇನೆ. ತಾವು ಒಂದೇ ಒಂದು ವಾಕ್ಯ ಬರೆಯಿರಿ. ಕನ್ನಡದಲ್ಲಿ ಬರೆಯಿರಿ: "ಈ ಡಬ್ಬಿ ಯಾರ ಕಾಯಿಯನ್ನೂ ತಾನಾಗಿ ಹಣ್ಣು ಮಾಡುವುದಿಲ್ಲ." ಕೆಳಗೆ ಮೊಹರು ಒತ್ತಿ. ವಿಳಾಸದಲ್ಲಿ ನನ್ನ ಹೆಸರು ಹಾಕಬೇಡಿ, ಜೈನಬಮ್ಮನ ಹೆಸರಿಗೇ ಕಳಿಸಿ. ಅವರೇ ಒಡೆಯಲಿ, ಅಸ್ರಾ ಓದಲಿ, ಬೀದಿಗೆಲ್ಲ ಕೇಳಲಿ. ನಾನು ಜಗಲಿ ಗುಡಿಸಿ ಇಟ್ಟಿರುತ್ತೇನೆ. ಅವರು ಕಿಟಕಿಯನ್ನಂತೂ ತೆರೆದಿದ್ದಾರೆ. ಬಾಗಿಲು ತೆರೆಯಲು ಒಂದು ನೆಪ ಬೇಕಾಗಿದೆ, ಅದನ್ನು ತಾವು ಕೊಡಿ.

ಇಂತಿ, ಕೈಗುಣ ಸರಿಯಿಲ್ಲದ ಸೊಸೆ,
ರಾಧಾಮಣಿ
(ಹಣ್ಣಿನ ವ್ಯಾಪಾರಿಯಲ್ಲ)
ರಾಮನಗರ